ಎರಡನೆಯ ಸಲ ಇಳಿಯುವ ನೀರು

ಡೋವರ್ ಬಂದರಿನ ದಂಡೆಯಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ಬರಿಗಾಲಲ್ಲಿ ಅದನ್ನು ದಾಟಿ ನೀರು ಮುಟ್ಟುವುದೇ ಒಂದು ಕೆಲಸ. ಆದರೂ ಬೇಸಿಗೆ ಶುರುವಾಯಿತೆಂದರೆ ವಾರಾಂತ್ಯದ ಬೆಳಗಿಗೆ ಈಜುಗಾರರು ಅಲ್ಲಿ ಸೇರುತ್ತಾರೆ. ಕುತ್ತಿಗೆಗೆ, ಕಂಕುಳಿಗೆ ವ್ಯಾಸಲೀನ್ ಮೆತ್ತಿಕೊಳ್ಳುತ್ತಾರೆ; ಉಪ್ಪುನೀರಲ್ಲಿ ಗಂಟೆಗಟ್ಟಲೆ ತೋಳು ಬೀಸಿದರೆ ಅಲ್ಲೆಲ್ಲ ಚರ್ಮ ಸುಲಿಯುತ್ತದೆ. ಹಿಂದೆ ಸುಣ್ಣಕಲ್ಲಿನ ಬಿಳಿ ಬಂಡೆಗಳು, ಆಚೆ ಫ್ರಾನ್ಸಿಗೆ ಹೊರಟ ಫೆರಿಗಳು. ನಡುವಿನ ಒಂದಿಷ್ಟು ನೀರು ನಮ್ಮದು.

1875ರಲ್ಲಿ ಮ್ಯಾಥ್ಯೂ ವೆಬ್ ಇದೇ ಡೋವರಿನಿಂದ ಹೊರಟು, ಈಜಿಕೊಂಡೇ 21 ಗಂಟೆ 45 ನಿಮಿಷಕ್ಕೆ ಫ್ರಾನ್ಸ್ ಮುಟ್ಟಿದ. ನೇರ ಗೆರೆ ಎಳೆದರೆ ಇಲ್ಲಿ ಇಂಗ್ಲಿಷ್ ಚಾನೆಲ್‌ನ ಅಗಲ ಸುಮಾರು 33 ಕಿಲೋಮೀಟರ್. ಆದರೆ ಉಬ್ಬರ ಇಳಿತ ಸುಮಾರು ಆರು ಗಂಟೆಗೊಮ್ಮೆ ಈಜುಗಾರನನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಎಳೆಯುವುದರಿಂದ ಯಾರ ದಾರಿಯೂ ನೇರವಾಗಿರುವುದಿಲ್ಲ. ಇದೇ ಚಾನೆಲ್ ದಾಟಲು ಹೊರಟ ನಮ್ಮದು ಆರು ಜನರ ರಿಲೇ. ಒಬ್ಬೊಬ್ಬರು ಒಂದೊಂದು ಗಂಟೆ ಈಜಬೇಕು. ಮೊದಲು ಹಾಕಿಕೊಂಡ ಸರದಿ ಕೊನೆಯವರೆಗೂ ಬದಲಾಗುವಂತಿಲ್ಲ. ಒಬ್ಬರು ನೀರಿಗಿಳಿಯಲಾರೆ ಎಂದರೆ ಆರೂ ಜನರ ಈಜು ಅಲ್ಲಿಗೇ ಮುಗಿಯಿತು. ಮೈಗೆ ಮಾಮೂಲಿ ಈಜುಡುಗೆ, ಟೋಪಿ, ಕನ್ನಡಕ ಅಷ್ಟೇ. ಚಳಿ ತಡೆಯುವ ರಬ್ಬರ್ ಉಡುಪಿಗೆ ಅನುಮತಿಯಿಲ್ಲ.

ನಾನು ಈಜು ಕಲಿತದ್ದು ಹೊನ್ನಾವರದಲ್ಲಿ. ಅಲ್ಲಿನ ಕಡಲು ಹಂಡೆಯಲ್ಲಿ ಹದವಾಗಿ ಕಾದ ನೀರಿನ ಹಾಗೆ. ಇಲ್ಲಿ ಮೇ ತಿಂಗಳಲ್ಲಿ ಹನ್ನೊಂದು ಡಿಗ್ರಿಯ ಆಸುಪಾಸು. ಎದೆಮಟ್ಟ ಇಳಿದ ಕೂಡಲೇ ಉಸಿರು ಒಳಕ್ಕೆ ಜಗ್ಗಿ ಸಿಕ್ಕಿಕೊಳ್ಳುತ್ತದೆ, ಹೊರಗೆ ಬಿಡುವುದೇ ಮರೆತುಹೋಗುತ್ತದೆ. ಆಗ ಅವಸರ ಮಾಡಬಾರದು. ನಿಂತು, ಬಾಯಿಂದ ಉದ್ದಕ್ಕೆ ಉಸಿರು ಬಿಟ್ಟು, ಮುಖಕ್ಕೆ ನೀರು ಚಿಮುಕಿಸಿಕೊಂಡು ಕಾಯಬೇಕು. ಎರಡು ಮೂರು ನಿಮಿಷದಲ್ಲಿ ಎದೆ ಹತೋಟಿಗೆ ಬರುತ್ತದೆ. ಮೊದಲು ಚರ್ಮ ಉರಿಯುತ್ತದೆ, ಆಮೇಲೆ ಮರಗಟ್ಟುತ್ತದೆ. ಅದರಾಚೆ ಒಂದು ಸೊಗಸಾದ ಹೊತ್ತು ಬರುತ್ತದೆ: ತೋಳುಗಳು ತಮ್ಮಷ್ಟಕ್ಕೆ ಲಯ ಹಿಡಿಯುತ್ತವೆ, ಹಸಿರು ನೀರು ಮುಖದ ಅಡಿಯಲ್ಲಿ ಹಾಯುತ್ತಿರುತ್ತದೆ, ತಲೆಯಲ್ಲಿ ಯಾವ ಯೋಚನೆಯೂ ಉಳಿಯುವುದಿಲ್ಲ. ಈ ಹೊತ್ತಿಗಾಗಿಯೇ ನಾನು ನಸುಕಿನ ರೈಲು ಹಿಡಿದು ಬರುತ್ತೇನೆ. ಕೊನೆಗೆ ಕಿರುಬೆರಳು ಉಂಗುರದ ಬೆರಳನ್ನು ಬಿಟ್ಟು ದೂರ ಸರಿಯತೊಡಗುತ್ತದೆ. ಎಷ್ಟು ಪ್ರಯತ್ನಿಸಿದರೂ ಎರಡನ್ನೂ ಕೂಡಿಸಲಾಗುವುದಿಲ್ಲ. ಚಳಿ ಒಳಗೆ ಇಳಿಯುತ್ತಿದೆ, ದಂಡೆಗೆ ತಿರುಗು ಎಂದು ಅದರ ಅರ್ಥ.

ದಂಡೆಗೆ ಬಂದರೂ ಚಳಿ ಬಿಡದು. ಕೈಕಾಲಿನ ತಣ್ಣಗಿನ ರಕ್ತ ಒಳಕ್ಕೆ ಹರಿಯುತ್ತ ಮೈ ಇನ್ನಷ್ಟು ತಣಿಯುತ್ತದೆ, ಹತ್ತು ನಿಮಿಷದ ಮೇಲೆಯೇ ನಿಜವಾದ ನಡುಕ. ಒದ್ದೆ ಕಳಚಿ, ಒಂದರ ಮೇಲೊಂದು ಉಣ್ಣೆ ಹೊದ್ದು, ಎರಡೂ ಕೈಯಲ್ಲಿ ಚಹದ ಲೋಟ ಹಿಡಿದುಕೊಂಡರೆ ಅರ್ಧ ಚಹ ಮೈಮೇಲೇ ಚೆಲ್ಲುತ್ತದೆ.

ಒಬ್ಬರೇ ಈಜುವವರ ತಯಾರಿಗೂ ನಮ್ಮದಕ್ಕೂ ಇಲ್ಲಿಯೇ ವ್ಯತ್ಯಾಸ. ಅವರು ಒಮ್ಮೆ ಇಳಿದರೆ ಆಯಿತು. ನಾವು ಒಣಗಿ, ಬೆಚ್ಚಗಾಗಿ, ಉಂಡು, ಐದು ಗಂಟೆ ಕಾದು ಮತ್ತೆ ಇಳಿಯಬೇಕು. ಹಾಗಾಗಿ ನಡುಕ ನಿಂತ ಮೇಲೆ ಅದೇ ತಣ್ಣಗಿನ ಒದ್ದೆ ಉಡುಪನ್ನು ಏರಿಸಿಕೊಂಡು ಕಲ್ಲಿನ ಮೇಲೆ ಮತ್ತೆ ನಡೆಯುವುದೇ ನಮ್ಮ ಅಭ್ಯಾಸ. ನನ್ನ ಮಟ್ಟಿಗೆ ರಿಲೇ ಎಂದರೆ ಈ ಎರಡನೆಯ ಇಳಿತವೇ. ಮೊದಲನೆಯದಕ್ಕೆ ಉತ್ಸಾಹ ಸಾಕು. ಎರಡನೆಯದಕ್ಕೆ ನೀರು ಎಷ್ಟು ಕೊರೆಯುತ್ತದೆಂದು ಮೈಗೆ ಗೊತ್ತಿರುತ್ತದೆ. ಆದರೂ ನನಗಿಂತ ಮುಂಚಿನವಳು ಅಲ್ಲಿ ಒಬ್ಬಳೇ ಈಜುತ್ತ ನನಗಾಗಿ ಕಾಯುತ್ತಿದ್ದಾಳೆ ಎನ್ನುವುದು ಕಾಲನ್ನು ಮುಂದೆ ತಳ್ಳುತ್ತದೆ.

“ನೀರಲ್ಲಿ ಜೊತೆಗೆ ಯಾರಿರ್ತಾರೆ?” ಎಂದು ಆಯಿ ಫೋನಿನಲ್ಲಿ ಕೇಳಿದ್ದಳು. ನೀರಲ್ಲಿ ಯಾರೂ ಇಲ್ಲ, ದೋಣಿಯಿಂದ ಐದು ಜನ ಕಣ್ಣು ಕೀಳದೆ ನೋಡುತ್ತಿರುತ್ತಾರೆ ಎಂದೆ. ಅಮಾವಾಸ್ಯೆಯೋ ಅಷ್ಟಮಿಯೋ ಎಂಬುದು ಅವಳ ಮುಂದಿನ ಪ್ರಶ್ನೆ. ಕಡಲ ಕರೆಯವಳಲ್ಲವೇ, ಅಷ್ಟಮಿಯ ಆಸುಪಾಸಿಗೆ ಉಬ್ಬರದ ಸೆಳೆತ ಮೆತ್ತಗೆ ಎಂದು ಅವಳಿಗೆ ಗೊತ್ತು. ನಮ್ಮ ದೋಣಿಯವರು ಕೊಟ್ಟಿರುವುದೂ ಅಂಥದೇ ವಾರ.

ಸರದಿ ಇನ್ನೂ ನಿರ್ಧಾರವಾಗಿಲ್ಲ. ಈಜು ಹನ್ನೆರಡು ಗಂಟೆ ದಾಟಿದರೆ ಮೊದಲನೆಯವರು ಮೂರನೆಯ ಸಲವೂ ಇಳಿಯಬೇಕಾಗುತ್ತದೆ. ಆ ಜಾಗ ನನಗಿರಲಿ ಎಂದು ಕೇಳಿಕೊಂಡಿದ್ದೇನೆ.