ಇದು ಹೆಸರಾ, ಗ್ರೇಡಾ?

ಕಳೆದ ದೀಪಾವಳಿಗೆ ಹೊಸ ಕಾರಲ್ಲಿ ಊರಿಗೆ ಹೋದೆ. ಹೊಸದು ಅಂದ್ರೆ ನನಗೆ ಹೊಸದು. ಬೆಂಗಳೂರಲ್ಲಿ ಯಾರೋ ನಾಲ್ಕು ವರ್ಷ ಓಡಿಸಿ ಮಾರಿದ ಬಿಎಂಡಬ್ಲ್ಯು 320ಡಿ. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗ್ತಾ, ಅಪ್ಪ ಏನಂತಾರೋ ಅನ್ನೋದೇ ತಲೇಲಿ.

ಅಪ್ಪ ಏನೂ ಅನ್ನಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದ್ರು. ಹಿಂದೆ ನಿಂತು, ಡಿಕ್ಕಿ ಮೇಲಿದ್ದ ಅಂಕಿಗಳ ಮೇಲೆ ಬೆರಳಾಡಿಸಿದ್ರು.

"ಇದೇನ್ಲಾ, ಹೆಸರಾ, ಗ್ರೇಡಾ?"

ನಗು ಬಂತು. ಮೊದಲ ಅಂಕಿ ಸೀರೀಸು, ಆಮೇಲಿನ ಎರಡು ಎಂಜಿನ್ನಿಗೆ, ಡಿ ಅಂದ್ರೆ ಡೀಸೆಲ್ ಅಂತ ವಿವರಿಸಿದೆ.

"ಮೂರಕ್ಕಿಂತ ಐದು ಮೇಲಾ?"

"ಹೂಂ."

"ಐದಕ್ಕಿಂತ ಏಳು?"

"ಹೂಂ ಅಪ್ಪ."

"ಹಂಗಾದ್ರೆ ಗ್ರೇಡೇ ಕಣ್ಲಾ" ಅಂದು ಒಳಗೆ ಹೋದ್ರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಮನೇಲಿ ಬೆಳೆದವರಿಗೆ ಗ್ರೇಡ್ ಅಂದ್ರೇನು ಅಂತ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಬಹಳ ವರ್ಷ ನಂಬಿಕೊಂಡ ವರ್ಜೀನಿಯಾ ತಳಿಯ ಹೆಸರು ಕಾಂಚನ. ಕಾಂಚನ ಅಂದ್ರೆ ಚಿನ್ನ. ಆದ್ರೆ ಆ ಹೆಸರು ಹೊಲದ ಬದುವಿನವರೆಗೆ ಮಾತ್ರ. ಮುರಿದು, ಬ್ಯಾರನ್ನಿನಲ್ಲಿ ಹದ ಮಾಡಿ, ಬೇಲ್ ಕಟ್ಟಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಇಳಿಸಿದ ಮೇಲೆ ಅದಕ್ಕೆ ಉಳಿಯೋದು ಗ್ರೇಡು ಮಾತ್ರ. ಎಲೆ ಗಿಡದ ಬುಡದ್ದೋ, ನಡುವಿನದೋ, ತುದಿಯದೋ, ಬಣ್ಣ ಹೇಗಿದೆ. ಬ್ರೈಟ್, ಮೀಡಿಯಂ, ಲೋ. ಆ ಒಂದು ಮಾತಲ್ಲಿ ವರ್ಷದ ಸಾಲ, ಅಕ್ಕನ ಮದುವೆ, ನನ್ನ ಫೀಸು ಎಲ್ಲ ತೀರ್ಮಾನ ಆಗ್ತಿತ್ತು.

ಅಪ್ಪನ ಪ್ರಶ್ನೆ ತಲೆ ಬಿಟ್ಟು ಹೋಗಲಿಲ್ಲ. ಕಾರುಗಳಿಗೂ ಒಂದು ಕಾಲಕ್ಕೆ ಹೆಸರೇ ಇತ್ತಲ್ಲ. ಮರ್ಸಿಡಿಸ್ ಅನ್ನೋದು ಒಂದು ಹುಡುಗಿಯ ಹೆಸರು. ಎಮಿಲ್ ಯೆಲಿನೆಕ್ ಅನ್ನೋ ವ್ಯಾಪಾರಿ 1900ರಲ್ಲಿ ಡೈಮ್ಲರ್ ಕಂಪನಿಯಿಂದ ಕಾರು ಮಾಡಿಸಿ, ಮಗಳ ಹೆಸರಿಟ್ಟ. ರೋಲ್ಸ್ ರಾಯ್ಸ್‌ನವರು 1907ರ ಬೆಳ್ಳಿ ಬಣ್ಣದ, ಸದ್ದೇ ಮಾಡದ ಕಾರನ್ನ ಸಿಲ್ವರ್ ಘೋಸ್ಟ್ ಅಂತ ಕರೆದ್ರು. ಇವತ್ತಿಗೂ ಅವರದು ಫ್ಯಾಂಟಮ್, ಘೋಸ್ಟ್ ಅಂತ ದೆವ್ವಗಳ ವಂಶ. ಲ್ಯಾಂಬೊರ್ಗಿನಿಯ ಮುರ್ಸಿಯೆಲಾಗೋ ಸ್ಪೇನಿನ ಒಂದು ಹೋರಿ. 1879ರ ಗೂಳಿ ಕಾಳಗದಲ್ಲಿ ಅಷ್ಟೊಂದು ಇರಿತ ತಿಂದೂ ಬೀಳದೆ ಪ್ರಾಣ ಉಳಿಸಿಕೊಂಡಿತು ಅನ್ನೋದು ಅದರ ಕತೆ.

ಉಳಿದವರು ಹೆಚ್ಚಿನವರು ಅಕ್ಷರ, ಅಂಕಿಗೆ ಬಂದು ನಿಂತಿದ್ದಾರೆ. ಬೆಂಜ್‌ನಲ್ಲಿ ಸಿ, ಇ, ಎಸ್. ಆಡಿಯಲ್ಲಿ ಎ4, ಎ6, ಎ8. ಇದರಲ್ಲಿ ಕಂಪನಿಗೆ ಅನುಕೂಲ ಇದೆ. ಹೆಚ್ಚಿನ ಊರು, ಭಾಷೆಗಳಲ್ಲಿ ಅಂಕಿಗೆ ಕೆಟ್ಟ ಅರ್ಥ ಬರಲ್ಲ. ಜನ ಮಾಡೆಲ್ ಮರೆತು ಕಂಪನಿ ಹೆಸರೊಂದನ್ನೇ ನೆನಪಿಟ್ಟುಕೊಳ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಮೂರು ಅಂದ ತಕ್ಷಣ ಐದು ಇದೆ ಅಂತ ಗೊತ್ತಾಗುತ್ತೆ. ಅಂಕಿ ಏನನ್ನು ಅಳೆಯುತ್ತೆ ಅನ್ನೋದು ಈಗ ಮುಖ್ಯ ಅಲ್ಲ. 30 ಅಂದ್ರೆ ಮೂರು ಲೀಟರ್ ಎಂಜಿನ್ ಅನ್ನೋ ಕಾಲ ಹೋಯ್ತು. ಈಗಿನ 330ಐ ಒಳಗಿರೋದು ಎರಡು ಲೀಟರಿನದೇ. ಆಡಿಯವರು ಪೆಟ್ರೋಲ್, ಡೀಸೆಲ್‌ಗೆ ಬೆಸ ಸಂಖ್ಯೆ, ಎಲೆಕ್ಟ್ರಿಕ್‌ಗೆ ಸರಿ ಸಂಖ್ಯೆ ಅಂತ ಹೊರಟು, ಎ4ನ್ನ ಎ5 ಮಾಡಿ, 2025ರಲ್ಲಿ ಆ ನಿಯಮಾನೇ ಕೈಬಿಟ್ರು.

ನಮ್ಮ ಕೆಎಸ್‌ಆರ್‌ಟಿಸಿ ವಾಸಿ. ವೋಲ್ವೋ ಅಂದ್ರೆ ಲ್ಯಾಟಿನ್‌ನಲ್ಲಿ 'ನಾನು ಉರುಳ್ತೀನಿ' ಅಂತ. ಅದು ಇಲ್ಲಿಗೆ ಬಂದು ಐರಾವತ ಆಯ್ತು. ಆಮೇಲೆ ಅಂಬಾರಿ, ಪಲ್ಲಕ್ಕಿ. ಅಲ್ಲೂ ಮೇಲು ಕೆಳಗು ಇಲ್ಲ ಅಂತಲ್ಲ, ರಾಜಹಂಸದ ಟಿಕೆಟ್ಟಿಗೂ ಐರಾವತದ ಟಿಕೆಟ್ಟಿಗೂ ವ್ಯತ್ಯಾಸ ಇದೆ. ಆದ್ರೂ ಅವ್ವ ಫೋನಲ್ಲಿ "ಐರಾವತಕ್ಕೆ ಹತ್ತಿದ್ಯಾ?" ಅಂತ ಕೇಳ್ತಿದ್ದಾಗ ಬಸ್ಸಿಗೆ ಜೀವ ಇದ್ದಂಗೆ ಅನಿಸೋದು.

ಜೀವ ಇದ್ದ ಎರಡು ಹೆಸರು ನಮ್ಮ ಮನೇಲೂ ಇದ್ವು. ಬೋರ, ಸಿಂಗ. ಚುಂಚನಕಟ್ಟೆ ಜಾತ್ರೇಲಿ ಅಪ್ಪ ತಂದ ಹಳ್ಳಿಕಾರ್ ಜೋಡಿ.

ನಾನಾಗ ಎರಡನೇ ಪಿಯುಸಿ. ಮಳೆಗಾಲದ ಒಂದು ರಾತ್ರಿ ಬ್ಯಾರನ್ ಕಾಯೋ ಸರದಿ ನನ್ನದು. ಎಲೆ ಹಳದಿಗೆ ತಿರುಗಿದೆ, ಇನ್ನು ಆ ಬಣ್ಣ ನಿಲ್ಲಿಸಿ ಒಣಗಿಸಬೇಕು. ಆ ಹೊತ್ತಲ್ಲಿ ಶಾಖ ಬೀಳಬಾರದು. ಸೌದೆ ಹಾಕ್ತಾ, ಥರ್ಮಾಮೀಟರ್ ನೋಡ್ತಾ ಇರಬೇಕಿತ್ತು. ಪುಸ್ತಕ ಎದೆ ಮೇಲಿಟ್ಟುಕೊಂಡು ಮಲಗಿಬಿಟ್ಟೆ. ಎಚ್ಚರ ಆದಾಗ ಒಲೆ ಆರಿತ್ತು. ಗಡಿಬಿಡೀಲಿ ಮತ್ತೆ ಹಚ್ಚಿದೆ, ಯಾರಿಗೂ ಹೇಳಲಿಲ್ಲ. ಆ ಬ್ಯಾರನ್ನಿನ ಎಲೆಯೆಲ್ಲ ಕಂದು ಬಣ್ಣಕ್ಕೆ ಹೋಯ್ತು. ಹರಾಜಲ್ಲಿ ಅದಕ್ಕೆ ಲೋ ಗ್ರೇಡು. "ಮಳೆ ಜಾಸ್ತಿ ಆಯ್ತು" ಅಂತ ಅಪ್ಪ ಎಲ್ಲರ ಹತ್ರ ಹೇಳಿದ್ರು. ಮುಂದಿನ ಜೂನಲ್ಲಿ ನನ್ನ ಕಾಲೇಜಿನ ಫೀಸು ಕಟ್ಟೋ ಹೊತ್ತಿಗೆ ಕೊಟ್ಟಿಗೆ ಖಾಲಿಯಾಗಿತ್ತು.

ಅವತ್ತಿಂದ ನಾನು ಗ್ರೇಡು ಏರಿಸ್ತಾನೇ ಇದೀನಿ. ಆಫೀಸಲ್ಲಿ ಎಲ್4, ಎಲ್5. ಮೂರರ ಇಎಂಐ ಇನ್ನೂ ಮುಗಿದಿಲ್ಲ, ಐದರ ಬೆಲೆ ಆಗಲೇ ನೋಡಿಟ್ಟಿದ್ದೆ.

ಆ ರಾತ್ರಿ ಊಟ ಆದ ಮೇಲೆ ಜಗಲೀಲಿ ಕೂತು, ಹದಿನೇಳು ವರ್ಷದ ಮೇಲೆ ಹೇಳಿದೆ. "ಅಪ್ಪ, ಆ ವರ್ಷ ಬ್ಯಾರನ್ ಕೆಟ್ಟಿದ್ದು ಮಳೆಯಿಂದ ಅಲ್ಲ. ನಾನು ಮಲಗಿಬಿಟ್ಟಿದ್ದೆ."

ಅಪ್ಪ ಎಲೆ ಅಡಿಕೆ ಹಾಕ್ಕೊಳ್ತಿದ್ರು. "ಗೊತ್ತು ಬುಡು. ಬೆಳಿಗ್ಗೆ ಬಂದು ಕೈಯಾಡಿಸಿದ್ನಲ್ಲ, ಅಡೀಲಿ ಬೂದಿ ತಣ್ಣಗಿತ್ತು."

"ಮತ್ತೆ ಯಾಕೆ ಏನೂ ಅನ್ನಲಿಲ್ಲ?"

"ಓದ್ತಾ ಮಲಗಿದ್ದೆ ಕಣ್ಲಾ. ಅಂದಿದ್ರೆ ನೀನು ಓದೋದು ಬುಡ್ತಿದ್ದೆ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ವಿ. ಆಮೇಲೆ ಅಪ್ಪ ಎದ್ದು ಪಂಚೆ ಕೊಡವಿಕೊಂಡ್ರು.

"ನಡಿ, ಆ ಬೋರನ್ನ ಒಂದ್ಸಲ ಕೆರೆ ತಂಕ ಓಡ್ಸು ನೋಡವಾ."