ತಂದೆಯವರ ಅಂಬಾಸಿಡರ್

ತಂದೆಯವರು ಲಿಂಗೈಕ್ಯರಾದ ಬಳಿಕ ಅವರ ಅಂಬಾಸಿಡರ್ ಕಾರಿನ ವಿಷಯವಾಗಿ ನಮಗೂ ನಮ್ಮ ತಮ್ಮನಿಗೂ ಮಾತು ನಿಂತಿತು. ಕಾರೂ ಚಳ್ಳಕೆರೆಯ ನಮ್ಮ ಹಿತ್ತಿಲ ಷೆಡ್ಡಿನಲ್ಲಿ ಹದಿನೆಂಟು ವರ್ಷ ನಿಂತಿತು. ಅದರೊಳಗೆ ಶೇಂಗಾ ಚೀಲಗಳನ್ನು ಒಟ್ಟಿದವರು ನಾವೇ. ಮಳೆ ಅಪರೂಪವಾದ ಈ ಸೀಮೆಯಲ್ಲಿ ತುಕ್ಕಿನ ಭಯವೇಕೆಂದು ಬಗೆದಿದ್ದೆವು. ಹೆಂಚಿನಿಂದ ಸೋರಿದ ಅಲ್ಪ ನೀರೇ ನಾರಿನ ಹಾಸಿನಡಿ ಆರದೆ ಉಳಿದು ತಳವನ್ನೆಲ್ಲ ತಿಂದಿತ್ತು.

ಕಳೆದ ವರ್ಷ ತಮ್ಮನ ಮಗ ತಾನಾಗಿಯೇ ಬಂದು ದುರಸ್ತಿಗೆ ಕೈಹಾಕಿದ. ಮಠದಲ್ಲಿ ವ್ಯಾಕರಣ ಓದಿದ ನಮಗೆ ದೀಪ ಹಿಡಿಯುವ ಕೆಲಸ ದೊರೆಯಿತು.

"ಮೇಲೊಂದು ತಗಡು ಬೆಸೆದುಬಿಡಪ್ಪಾ" ಎಂದೆವು.

"ಆಗೋದಿಲ್ಲ ದೊಡ್ಡಪ್ಪ. ನಡುವೆ ತೇವ ನಿಂತು ಒಳಗೊಳಗೇ ತಿನ್ನುತ್ತೆ. ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಲೇಬೇಕು."

ಲಾರಿಗಿರುವಂತೆ ಈ ಕಾರಿಗೆ ಬೇರೆ ಚಾಸಿ ಇಲ್ಲ. ತಳವೂ ಒಡಲೂ ಒಂದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಈ ರಚನೆ, 1958ರಿಂದ ತಯಾರಿಕೆ ನಿಂತ 2014ರವರೆಗೂ ಉಳಿಯಿತು.

ಕತ್ತರಿಸುವ ಗೆರೆಯನ್ನು ಸೀಮೆಸುಣ್ಣದಿಂದ ನಾವೇ ಎಳೆದೆವು. ಆ ಸಂಜೆ ತಮ್ಮನ ಮನೆಗೂ ಹೋದೆವು. ಚಹಾ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ನೋಂದಣಿ ನವೀಕರಣವಾದೊಡನೆ, ಅವನ ಮಗಳ ಮದುವೆಗೆ ರೇಷ್ಮೆ ಸೀರೆ ತರಲು ಅದೇ ಕಾರಿನಲ್ಲಿ ಮೊಳಕಾಲ್ಮೂರಿಗೆ ಹೊರಟೆವು. ಹಿಂದಿನ ಆಸನದಲ್ಲಿ ಕುಳಿತ ತಮ್ಮ, "ಶೇಂಗಾ ಚೀಲ ಎಲ್ಲಿ ಅಣ್ಣಾ?" ಎಂದ.