ಒರೆಸಿ ಬರೆಯುತ್ತಿದ್ದ ಪ್ರಾಧ್ಯಾಪಕರು

ನಾನು ಬಿ.ಎ. ಓದಿ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವವನು. ಯಂತ್ರಗಳಿಗೂ ನನಗೂ ಇರುವ ನಂಟು, ಮಳೆಗಾಲದಲ್ಲಿ ಹಳಿಯ ಮೇಲೆ ನಿಂತುಬಿಡುವ ಲೋಕಲ್ ಗಾಡಿಯ ಮಟ್ಟಿಗೆ ಮಾತ್ರ. ಇಂಥವನು ಇಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರ ವಿಷಯ ಬರೆಯಹೊರಟದ್ದನ್ನು ಕಂಡು ವಾಚಕರು ನಗಬಹುದು. ನಗಲಿ, ಆದರೆ ಕಾರಣವನ್ನು ಕೇಳಿ ಆಮೇಲೆ ನಗಲಿ.

ನನ್ನ ಹೆಂಡತಿಯ ತಮ್ಮ ಪುಣೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಧ್ಯಾಪಕ. ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಶನಿವಾರ ಮುಂಬಯಿಗೆ, ನಮ್ಮ ಮನೆಗೆ ಬಂದ. ಮುಖ ಬಾಡಿತ್ತು. ರಾತ್ರಿ ಊಟವಾದ ಮೇಲೆ ವಿಷಯ ಹೊರಬಿತ್ತು.

“ಭಾವ, ನಾನು ಈ ಕೆಲಸ ಬಿಡುತ್ತೇನೆ. ನನಗೆ ಪಾಠ ಹೇಳಲು ಬರುವುದಿಲ್ಲ. ಹುಡುಗರೇ ಹಾಗೆಂದು ಬರೆದುಕೊಟ್ಟಿದ್ದಾರೆ.”

ವಿದ್ಯಾರ್ಥಿಗಳು ಅಧ್ಯಾಪಕರಿಗೆ ಅಂಕ ಹಾಕುವ ಕಾಲವಿದು. ಅವನಿಗೆ ಬಂದ ಅಂಕ ತೀರ ಕಡಿಮೆ. ನನ್ನಾಕೆ ಕಣ್ಣೊರೆಸಿಕೊಂಡಳು. ಬೇರೆ ಕೆಲಸ ಸಿಗುವವರೆಗಾದರೂ ತಡೆ ಎಂದು ನಾನು ಗುಮಾಸ್ತರ ಬುದ್ಧಿವಾದ ಹೇಳಿದೆ. ಅದು ಅವನ ಕಿವಿಗೆ ಹೋದಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ನೀರು ಬರುವ ಹೊತ್ತು. ಎಂಟು ವರ್ಷದ ನನ್ನ ಮಗಳು ನಲ್ಲಿಯ ಮುಂದೆ ನಿಂತು ಅದನ್ನು ತಿರುಗಿಸುವುದು, ಮುಚ್ಚುವುದು ಮಾಡುತ್ತಿದ್ದಳು. “ಅಪ್ಪಾ, ಸ್ವಲ್ಪ ಬಿಟ್ಟರೆ ನೀರು ಗಾಜಿನ ಕಡ್ಡಿಯ ಹಾಗಿರುತ್ತದೆ. ಜಾಸ್ತಿ ಬಿಟ್ಟರೆ ಕದಡಿಹೋಗುತ್ತದೆ. ಯಾಕೆ?” ಕೊಡಪಾನ ಇನ್ನೂ ತುಂಬಿರಲಿಲ್ಲ. “ನೀರು ಹಾಳುಮಾಡಬೇಡ” ಎಂದು ಗದರಿಸಿದೆ. ಅವಳು ಸುಮ್ಮನಾದಳು.

ಸಂಜೆ ದೇವರ ಕೋಣೆಯಲ್ಲಿ ಇಬ್ಬರ ಪಿಸುಮಾತು ಕೇಳಿಸಿತು. ಇಣುಕಿ ನೋಡಿದರೆ ಮಾವ, ಸೊಸೆ ಇಬ್ಬರೂ ನೆಲದ ಮೇಲೆ ಕುಳಿತು ಊದುಬತ್ತಿಯನ್ನೇ ನೋಡುತ್ತಿದ್ದಾರೆ! ಕಿಟಕಿ ಮುಚ್ಚಿತ್ತು. ಹೊಗೆ ಬತ್ತಿಯ ತುದಿಯಿಂದ ನೆಟ್ಟಗೆ ದಾರದಂತೆ ಏರಿ, ಸ್ವಲ್ಪ ಎತ್ತರದಲ್ಲಿ ತಟ್ಟನೆ ಚದುರಿ ಸುರುಳಿ ಸುರುಳಿಯಾಗುತ್ತಿತ್ತು. “ನಿನ್ನ ನಲ್ಲಿಯ ನೀರೂ ಹೀಗೆಯೇ ಪುಟ್ಟೀ. ಇದನ್ನು ಬಹಳ ಹಿಂದೆ ಒಬ್ಬ ಮೇಷ್ಟ್ರು ಗಾಜಿನ ಕೊಳವೆಯಲ್ಲಿ ಬಣ್ಣ ಬಿಟ್ಟು ನೋಡಿದರು” ಎಂದು ಅವನು ಹೇಳುತ್ತಿದ್ದ. ಪಾಠ ಹೇಳಲು ಬಾರದವನ ಪಾಠವನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ.

ಅವನು ಪುಣೆಗೆ ಮರಳಿದ ಮೇಲೆ, ಆ ಮೇಷ್ಟ್ರು ಯಾರೆಂದು ಹುಡುಕಿ ಓದಿದೆ. ಅವರ ಹೆಸರು ಓಸ್ಬೋರ್ನ್ ರೆನಾಲ್ಡ್ಸ್. ಹುಟ್ಟಿದ್ದು 1842ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ತಂದೆ ಪಾದ್ರಿ, ಶಾಲಾ ಮುಖ್ಯೋಪಾಧ್ಯಾಯರೂ ಆಗಿದ್ದರು. ಮಗ ಮೊದಲು ಇಂಜಿನಿಯರರೊಬ್ಬರ ಕಾರ್ಖಾನೆಯಲ್ಲಿ ಕೈಕೆಲಸ ಕಲಿತು, ಬಳಿಕ ಕೇಂಬ್ರಿಜ್‌ನಲ್ಲಿ ಗಣಿತ ಓದಿದರು. 1868ರಲ್ಲಿ, 25ರ ಪ್ರಾಯಕ್ಕೆ, ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನ ಪ್ರಾಧ್ಯಾಪಕರಾದರು. 1905ರಲ್ಲಿ ಅನಾರೋಗ್ಯದಿಂದ ನಿವೃತ್ತರಾಗುವವರೆಗೆ, 37 ವರ್ಷ ಅಲ್ಲಿಯೇ ಇದ್ದರು. ತೀರಿಕೊಂಡದ್ದು 1912ರಲ್ಲಿ.

ಅವರ ಪ್ರಖ್ಯಾತ ಪ್ರಯೋಗ 1883ರಲ್ಲಿ ಪ್ರಕಟವಾಯಿತು. ನೀರು ತುಂಬಿದ ತೊಟ್ಟಿಯೊಳಗೆ ಗಾಜಿನ ಕೊಳವೆಯನ್ನಿಟ್ಟು, ಹರಿಯುವ ನೀರಿನ ನಡುವೆ ಬಣ್ಣದ ಎಳೆಯೊಂದನ್ನು ಬಿಟ್ಟರು. ನೀರು ನಿಧಾನವಾಗಿದ್ದಾಗ ಎಳೆ ಕೊಳವೆಯುದ್ದಕ್ಕೂ ನೇರವಾಗಿತ್ತು. ವೇಗ ಒಂದು ಮಿತಿಯನ್ನು ಮೀರಿದೊಡನೆ ಎಳೆ ಮುರಿದು ಬಣ್ಣವೆಲ್ಲ ಕಲಸಿಹೋಯಿತು. ಕೇವಲ ವೇಗವಲ್ಲ, ವೇಗ, ಕೊಳವೆಯ ಅಗಲ, ದ್ರವದ ಸಾಂದ್ರತೆ ಇವುಗಳ ಗುಣಲಬ್ಧವನ್ನು ದ್ರವದ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದನ್ನು ನಿರ್ಣಯಿಸುತ್ತದೆಂದು ಅವರು ತೋರಿಸಿದರು. ಸಾಮಾನ್ಯ ಕೊಳವೆಗಳಲ್ಲಿ ಅದು ಸುಮಾರು 2000ವನ್ನು ದಾಟಿದ ಮೇಲೆ ಹರಿವು ಕದಡತೊಡಗುತ್ತದೆ. ಈಗ ಅದಕ್ಕೆ ರೆನಾಲ್ಡ್ಸ್ ಸಂಖ್ಯೆಯೆಂದೇ ಹೆಸರು. ಎಣ್ಣೆಯ ಕೊಳವೆಯಾಗಲಿ, ವಿಮಾನದ ರೆಕ್ಕೆಯಾಗಲಿ, ಅದನ್ನು ಲೆಕ್ಕ ಹಾಕದೆ ಇಂಜಿನಿಯರರು ಮುಂದುವರಿಯುವುದಿಲ್ಲ. ತಿರುಗುವ ದಂಡವನ್ನು ಬೇರಿಂಗಿನೊಳಗೆ ಎಣ್ಣೆಯ ತೆಳುಪದರವು ಎತ್ತಿಹಿಡಿಯುವುದು ಹೇಗೆಂದು 1886ರಲ್ಲಿ ಲೆಕ್ಕದಿಂದ ವಿವರಿಸಿದವರೂ ಅವರೇ.

ಇಷ್ಟೆಲ್ಲ ಮಾಡಿದವರು ತರಗತಿಯಲ್ಲಿ ಹೇಗಿದ್ದರು? ಇದನ್ನು ಓದಿ ನಾನು ಕುರ್ಚಿಯಿಂದ ಎದ್ದೆ. ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ ಬಾಲ್ಯದಲ್ಲಿ ಇವರ ಶಿಷ್ಯರು. ಅವರು ತಮ್ಮ ಆತ್ಮಕಥೆಯಲ್ಲಿ ಗುರುಗಳ ಚಿತ್ರ ಕೊಟ್ಟಿದ್ದಾರೆ. ಪಾಠವಿದೆಯೆಂಬುದೇ ಪ್ರಾಧ್ಯಾಪಕರಿಗೆ ಮರೆತುಹೋಗುತ್ತಿತ್ತಂತೆ. ಜವಾನನನ್ನು ಕಳಿಸಿದರೆ ನಿಲುವಂಗಿ ತೊಡುತ್ತ ಓಡಿಬಂದು, ಪಠ್ಯಪುಸ್ತಕದಲ್ಲಿ ಯಾವುದೋ ಸೂತ್ರವನ್ನು ನೋಡಿ, ಇದು ತಪ್ಪು ಎನ್ನುವರು. ಹುಡುಗರಿಗೆ ಬೆನ್ನು ಹಾಕಿ, ತಮ್ಮಷ್ಟಕ್ಕೆ ಮಾತನಾಡಿಕೊಳ್ಳುತ್ತ ಹಲಗೆಯ ಮೇಲೆ ಬರೆಯುವರು, ಒರೆಸುವರು, ಮತ್ತೆ ಬರೆಯುವರು. ಗಂಟೆ ಮುಗಿಯುವ ವೇಳೆಗೆ, ಪುಸ್ತಕದವರು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳುವರು!

ಇಂದಿನ ಹುಡುಗರು ಅವರಿಗೆ ಎಷ್ಟು ಅಂಕ ಕೊಡುತ್ತಿದ್ದರೋ! ಆದರೆ ಥಾಮ್ಸನ್ ದೂರಲಿಲ್ಲ. ತೀಕ್ಷ್ಣವಾದ ಬುದ್ಧಿಯೊಂದು ಹೊಸ ಸಮಸ್ಯೆಯೊಡನೆ ಸೆಣಸುವುದನ್ನು ಕಣ್ಣಾರೆ ಕಂಡೆವು ಎಂಬ ಅರ್ಥದ ಮಾತನ್ನೇ ಬರೆದರು.

ಆ ಬಣ್ಣದ ಎಳೆ ನಮ್ಮ ಬೆಂಗಳೂರಿಗೂ ಬಂದಿದೆ. 1953ರಲ್ಲಿ ಅಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದ ರೊದ್ದಂ ನರಸಿಂಹ, ನೇರ ಹರಿವು ಕದಡುವ ಆ ಸಂಧಿಕಾಲವನ್ನೇ ಅಭ್ಯಸಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಜಗತ್ತಿಗೆಲ್ಲ ಹೆಸರಾದರು. 2020ರಲ್ಲಿ ತೀರಿಕೊಂಡರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರು. ಕನ್ನಡದಲ್ಲಿ ವಿಜ್ಞಾನ ಬರೆದವರು. ಒಂದು ಮನೆಯಲ್ಲಿ ಪ್ರಶ್ನೆಗೆ ಬೆಲೆಯಿದ್ದರೆ ಏನಾಗಬಹುದೆಂದು ನಲ್ಲಿಯ ಪ್ರಸಂಗವನ್ನು ನೆನೆದು ನಾಚಿಕೆಪಟ್ಟೆ.

ಇದನ್ನೆಲ್ಲ ನಾಲ್ಕು ಪುಟದ ಕಾಗದದಲ್ಲಿ ಬರೆದು ಮೈದುನನಿಗೆ ಅಂಚೆಯಲ್ಲಿ ಕಳಿಸಿದೆ. ಕೊನೆಯಲ್ಲಿ ಹೀಗೆ ಸೇರಿಸಿದೆ: “ನಿನ್ನ ಹುಡುಗರು ಹೇಳಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವರು ನಮ್ಮ ದೇವರ ಕೋಣೆಯನ್ನು ನೋಡಿಲ್ಲ. ಒಂದು ದಿನ ತರಗತಿಗೆ ಊದುಬತ್ತಿ ತೆಗೆದುಕೊಂಡು ಹೋಗು.”

ಉತ್ತರ ಬರಲಿಲ್ಲ. ದೀಪಾವಳಿಗೆ ಬಂದಾಗ ಅವನ ಚೀಲದಲ್ಲಿ ಒಂದು ಗಾಜಿನ ಕೊಳವೆಯಿತ್ತು; ಮಗಳಿಗಾಗಿ ತಂದದ್ದು. ರಾಜೀನಾಮೆಯ ಮಾತು ಅವನೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಅವನು ಈಗಲೂ ಅಲ್ಲಿಯೇ ಪಾಠ ಹೇಳುತ್ತಿದ್ದಾನೆ. ಈ ವರ್ಷ ಹುಡುಗರು ಎಷ್ಟು ಅಂಕ ಕೊಟ್ಟರೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಮಾತ್ರ, ಬೆಳಿಗ್ಗೆ ಕೊಡ ತುಂಬಿದ ಮೇಲೆ ಎರಡು ನಿಮಿಷ ನಲ್ಲಿ ಮಗಳ ಕೈಗೆ ಹೋಗುತ್ತದೆ. ನೀರು ಬಕೆಟ್ಟಿಗೇ ಬೀಳುವುದರಿಂದ ನನ್ನ ತಕರಾರಿಲ್ಲ.